ಪಂಕ್ ಬ್ಯಾಂಡುಗಳು ರೆಗೆಯನ್ನು ಯಾಕೆ ಅಷ್ಟು ಹಚ್ಚಿಕೊಂಡವು?

ಕೇಳಲು ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ, ನಿಜ. ಪಂಕ್ ಅಂದರೆ ಒರಟು ರಾಕ್ ಸಂಗೀತ, ಬರೀ ಗಡಿಬಿಡಿ; ರೆಗೆ ಅಂದರೆ ಜಮೈಕಾದ ಸಂಗೀತ, ನಿಧಾನ. ಶುರುವಾಗಿದ್ದು ತೀರಾ ಸಾದಾ ಕಾರಣಕ್ಕೆ. 1977ರಲ್ಲಿ ಲಂಡನ್ನಿನ ರಾಕ್ಸಿ ಎಂಬ ಪಂಕ್ ಕ್ಲಬ್ಬಿಗೆ ಡಿಜೆ ಆಗಿದ್ದವನು ಡಾನ್ ಲೆಟ್ಸ್, ಜಮೈಕಾ ಮೂಲದ ಹುಡುಗ. ಆಗಿನ್ನೂ ಪಂಕ್ ರೆಕಾರ್ಡುಗಳೇ ಜಾಸ್ತಿ ಇರಲಿಲ್ಲ, ಹಾಗಾಗಿ ಅವನು ರೆಗೆ ಹಾಕುತ್ತಿದ್ದ, ಬಂದವರಿಗೆ ಅದರ ಹುಚ್ಚು ಹಿಡಿಯಿತು. ಅದೇ ವರ್ಷ ದಿ ಕ್ಲಾಷ್ ಎಂಬ ಲಂಡನ್ನಿನ ಪಂಕ್ ಬ್ಯಾಂಡ್ ತನ್ನ ಮೊದಲ ಆಲ್ಬಮ್ಮಿನಲ್ಲೇ ಜಮೈಕಾದ ರೆಗೆ ಗಾಯಕ ಜೂನಿಯರ್ ಮರ್ವಿನ್ನನ 'ಪೊಲೀಸ್ ಅಂಡ್ ಥೀವ್ಸ್' ಹಾಡಿತು.

ಆದರೆ ಸುಮ್ನೆ ರುಚಿಯ ವಿಷಯವಾಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. 1976ರ ಆಗಸ್ಟಿನಲ್ಲಿ ಇಂಗ್ಲಿಷ್ ರಾಕ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ವಲಸಿಗರ ವಿರುದ್ಧ ಕೂಗಾಡಿದ. ರೆಗೆ ಗಾಯಕ ಬಾಬ್ ಮಾರ್ಲಿಯ ಹಾಡು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದವನೇ ಹೀಗಂದರೆ ಸಿಟ್ಟು ಬರುವುದಿಲ್ಲವೇ! ಆ ಸಿಟ್ಟಿನಿಂದಲೇ 'ರಾಕ್ ಅಗೇನ್ಸ್ಟ್ ರೇಸಿಸಂ' (ಜನಾಂಗದ್ವೇಷದ ವಿರುದ್ಧ ರಾಕ್) ಚಳವಳಿ ಹುಟ್ಟಿತು. ಬೀದಿಯಲ್ಲಿ ವಲಸಿಗರನ್ನು ವಿರೋಧಿಸುವ ಕಡು ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್ ಬೆಳೆಯುತ್ತಿದ್ದ ಕಾಲ ಅದು. ಈ ಚಳವಳಿಯವರು ಭಾಷಣಕ್ಕಿಂತ ಪಂಕ್ ಮತ್ತು ರೆಗೆ ಬ್ಯಾಂಡುಗಳನ್ನು ಒಂದೇ ವೇದಿಕೆಗೆ ಹತ್ತಿಸುವುದನ್ನೇ ನೆಚ್ಚಿಕೊಂಡರು, ನನ್ನ ಪ್ರಕಾರ ಅವರ ಜಾಣತನ ಇದ್ದದ್ದೇ ಅಲ್ಲಿ. 1978ರ ಏಪ್ರಿಲ್ 30ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಸಾವಿರಾರು ಜನ ನಡೆದು ವಿಕ್ಟೋರಿಯಾ ಪಾರ್ಕ್ ಸೇರಿದರು. ಅಲ್ಲಿ ಪಂಕ್ ಬ್ಯಾಂಡುಗಳಾದ ಕ್ಲಾಷ್, ಎಕ್ಸ್-ರೇ ಸ್ಪೆಕ್ಸ್ ಜೊತೆಗೆ ಬರ್ಮಿಂಗ್‌ಹ್ಯಾಮಿನ ರೆಗೆ ಬ್ಯಾಂಡ್ ಸ್ಟೀಲ್ ಪಲ್ಸ್ ಕೂಡ ಹಾಡಿತು.

ಕೇಳಿ ನೋಡಬೇಕಿದ್ದರೆ ಸ್ಟೀಲ್ ಪಲ್ಸಿನ 1978ರ 'ಹ್ಯಾಂಡ್ಸ್‌ವರ್ತ್ ರೆವಲ್ಯೂಷನ್' ಆಲ್ಬಮ್ ಮೊದಲು ಹಾಕಿ. ಕ್ಲಾಷ್ ಆಮೇಲೆ.