ಎಲೆ ನೀಲಿಯಾಗಲಿಲ್ಲವೇಕೆ?

ಪ್ರಶ್ನೆ: ದಾಸವಾಳದ ಎಲೆಗೆ ಅಯೋಡಿನ್ ಹಾಕಿದರೂ ಕಂದು ಬಣ್ಣವೇ ಉಳಿಯಿತು. ಪಿಷ್ಟವಿದ್ದರೆ ನೀಲಿಯಾಗಬೇಕಿತ್ತಲ್ಲ, ಪಿಷ್ಟ ಇರಲಿಲ್ಲವೇ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಎಲೆ ಕಿತ್ತಿದ್ದು ಯಾವಾಗ? ಬೆಳಗಿನ ಜಾವವಾದರೆ, ರಾತ್ರಿಯಿಡೀ ಪಿಷ್ಟ ಸಕ್ಕರೆಯಾಗಿ ಬೇರೆಡೆ ಸಾಗಿರುತ್ತದೆ. ನಾಲ್ಕೈದು ಗಂಟೆ ಬಿಸಿಲುಂಡ ಎಲೆಯನ್ನು ಮಧ್ಯಾಹ್ನ ಕೀಳಿ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆಲ್ಕೋಹಾಲ್ ಇರುವ ಪ್ರನಾಳಕ್ಕೆ ಹಾಕಿ ಬಿಸಿನೀರಿನ ಬೀಕರಿನಲ್ಲಿಡಿ. ನೇರ ಉರಿ ಬೇಡವೇ ಬೇಡ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಆವಿ ಹೊತ್ತಿಕೊಳ್ಳುತ್ತದೆ. ಹಸಿರು ಪೂರ್ತಿ ಬಿಟ್ಟು ಎಲೆ ಬಿಳಿಚಿಕೊಳ್ಳಬೇಕು. ಬಹುತೇಕರು ಅವಸರ ಮಾಡುವುದು ಇಲ್ಲೇ! ಗರಿಗರಿಯಾದ ಎಲೆಯನ್ನು ನೀರಿನಲ್ಲಿ ತೊಳೆದು ಮೆತ್ತಗಾಗಿಸಿ, ತಣ್ಣಗಾದ ಮೇಲೆ ಅಯೋಡಿನ್ ಹನಿಸಿ. ಬಿಸಿಯಿದ್ದರೆ ನೀಲಿ ಮೂಡುವುದಿಲ್ಲ. ಅಂದಹಾಗೆ, ನಿಮ್ಮೂರಿನಲ್ಲಿ ಸುಲಭಕ್ಕೆ ಸಿಗುವ ಕಬ್ಬಿನ ಗರಿ ಇದಕ್ಕಾಗದು, ತೀರಾ ಒರಟು.