ಪೆಂಟಿಯಂ ಜಿ4560ರಲ್ಲಿ ಗೇಮ್ ತೆರೆದ ಕೂಡಲೇ ಮುಚ್ಚಿಕೊಳ್ಳುವುದೇಕೆ?
ಸಾಗರದ ಗೆಳೆಯರೇ, ಪೆಂಟಿಯಂ ಜಿ4560 ಪ್ರೊಸೆಸರ್, 1050 ಟಿಐ ಕಾರ್ಡ್, 8 ಜಿಬಿ ರ‍್ಯಾಮ್ ಇದ್ದೂ ಹೊಸ ಗೇಮ್ ಎರಡೇ ಸೆಕೆಂಡಿಗೆ ಏನೂ ಹೇಳದೆ ಮುಚ್ಚಿಕೊಳ್ಳುತ್ತದೆ ಅಂದಿರಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಮೇಲೆ ನನಗೆ ಅನುಮಾನವಿಲ್ಲ. ಹಳ್ಳಿಯ ನೆಟ್‌ನಲ್ಲಿ ಮತ್ತೆ 60 ಜಿಬಿ ಇಳಿಸಲು ಹೋಗಬೇಡಿ, ದಯವಿಟ್ಟು.

ಮೊದಲು ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ನೋಡಿ. ಗೇಮ್ ಹೆಸರಿನ ಕೆಂಪು ಸಾಲಿನಲ್ಲಿ ಎಕ್ಸೆಪ್ಶನ್ ಕೋಡ್ ಸಿ000001ಡಿ ಎಂದಿದ್ದರೆ, ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶವೊಂದು ಬಂದಿದೆ ಎಂದರ್ಥ. ಸಿ0000005 ಇದ್ದರೆ ಅದು ಮೆಮೊರಿಯ ತಕರಾರು, ದಾರಿಯೇ ಬೇರೆ.

ಆಮೇಲೆ ಪ್ರೊಸೆಸರ್ ವಿವರ ತೋರಿಸುವ ತಂತ್ರಾಂಶ ಸಿಪಿಯು-ಝಡ್‌ನಲ್ಲಿ ಇನ್‌ಸ್ಟ್ರಕ್ಷನ್ಸ್ ಸಾಲು ಓದಿ, ಅದು ಪ್ರೊಸೆಸರ್ ಅರಿತ ಆದೇಶಗಳ ಗುಂಪುಗಳ ಪಟ್ಟಿ. ನಿಮ್ಮದರಲ್ಲಿ ಎಸ್‌ಎಸ್‌ಇ 4.2 ಇರುತ್ತದೆ, ಕೆಲವು ಹೊಸ ಗೇಮ್ ಕೇಳುವ ಎವಿಎಕ್ಸ್ ಗುಂಪು ಇರುವುದಿಲ್ಲ. ಇಂಟೆಲ್ 2011ರಲ್ಲೇ ಕೋರ್ ಐ ಚಿಪ್‌ಗಳಿಗೆ ಎವಿಎಕ್ಸ್, 2013ರಲ್ಲಿ ಎವಿಎಕ್ಸ್2 ಕೊಟ್ಟಿತು. ಆದರೆ ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಿಂದ ಬಹಳ ವರ್ಷ ಅವನ್ನು ತೆಗೆದೇ ಮಾರಿತು. ಹಾಗಾಗಿ 2017ರ ನಿಮ್ಮ ಚಿಪ್‌ಗಿಂತ 2011ರ ಐ5-2400 ಈ ವಿಷಯದಲ್ಲಿ ಮುಂದಿದೆ! ಡ್ರೈವರ್, ಬಯೋಸ್ ಅಪ್‌ಡೇಟ್‌ನಿಂದ ಇದು ಬರುವುದಿಲ್ಲ. ಇಂಟೆಲ್‌ನ ಎಸ್‌ಡಿಇ, ಅಂದರೆ ಇಲ್ಲದ ಆದೇಶಗಳನ್ನು ಅನುಕರಿಸುವ ಎಮ್ಯುಲೇಟರ್‌ನಿಂದ ಗೇಮ್ ತೆರೆದರೂ ಆಡಲಾಗದಷ್ಟು ನಿಧಾನ.

ನಿಜವಾದ ಪರಿಹಾರ ಅದೇ ಬೋರ್ಡ್‌ಗೆ ಸೆಕೆಂಡ್ ಹ್ಯಾಂಡ್ ಐ5-7400. ಎವಿಎಕ್ಸ್2 ಇದೆ, ನಾಲ್ಕು ಕೋರ್, ವಿದ್ಯುತ್ 54ರ ಬದಲು 65 ವ್ಯಾಟ್. ಎಂಟನೇ ತಲೆಮಾರಿನದು ಸಾಕೆಟ್‌ಗೆ ಕೂತರೂ ಓಡುವುದಿಲ್ಲ, ಮೋಸಹೋಗಬೇಡಿ. ಶಿವಮೊಗ್ಗದ ಅಂಗಡಿಯಲ್ಲಿ ಕೊಳ್ಳುವುದಾದರೆ ಅಲ್ಲೇ ಹಾಕಿಸಿ ಸಿಪಿಯು-ಝಡ್ ತೋರಿಸಲು ಹೇಳಿ. ಮನೆಯಲ್ಲೇ ಬದಲಿಸುವಿರಾದರೆ ಶಾಖ ಸಾಗಿಸುವ ಹಳೆ ಪೇಸ್ಟ್ ಪೂರ್ತಿ ಒರೆಸಿ, ತೊಗರಿಬೇಳೆಯಷ್ಟು ಹೊಸದು ಹಾಕಿ. ಸಾಕೆಟ್‌ನ ಪಿನ್‌ಗಳಿಗೆ ಮಾತ್ರ ಬೆರಳು ತಾಗಿಸಬೇಡಿ.