ನವಸಾಗರ ಹಾಕಿದರೆ ನೀರು ಎಷ್ಟು ತಣ್ಣಗಾಗಬೇಕು?

ಪ್ರಶ್ನೆ: ಮನೆಯಲ್ಲಿ ಸ್ಟೀಲ್ ಲೋಟಕ್ಕೆ ಮಡಿಕೆಯ 100 ಗ್ರಾಂ ನೀರು ತಗೊಂಡು 10 ಗ್ರಾಂ ನವಸಾಗರ (ಅಮೋನಿಯಂ ಕ್ಲೋರೈಡ್) ಕರಗಿಸಿದೆ. ಲೆಕ್ಕದಲ್ಲಿ 6.6 ಡಿಗ್ರಿ ಇಳಿಯಬೇಕಿತ್ತು, ಇಳಿದದ್ದು ನಾಲ್ಕೇ. ಎಲ್ಲಿ ತಪ್ಪಿದೆ ಸರ್?
ಪಿಯುಸಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ತಪ್ಪು ಒಂದು ನಿನ್ನದು, ಇನ್ನೊಂದು ನಿಮ್ಮೂರ ಬಿಸಿಲಿನದು ತಂಗಿ.

ಮೊದಲು ನಿನ್ನದು. ಒಂದು ಮೋಲ್ ನವಸಾಗರ, ಅಂದರೆ 53.5 ಗ್ರಾಂ, ಕರಗುವಾಗ ಸುಮಾರು 14.8 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತದೆ. ಹರಳಿನ ಕಟ್ಟು ಬಿಡಿಸೋಕೆ ಬೇಕಾದ ಶಕ್ತಿ, ಬಿಡಿಯಾದ ಅಯಾನುಗಳನ್ನು (ವಿದ್ಯುದಾವೇಶ ಹೊತ್ತ ಕಣಗಳನ್ನು) ನೀರು ಸುತ್ತುವರಿದಾಗ ಸಿಗೋದಕ್ಕಿಂತ ಜಾಸ್ತಿ. ಆ ಕೊರತೆಯನ್ನು ನೀರೇ ತುಂಬಬೇಕು, ಅದಕ್ಕೇ ತಣ್ಣಗಾಗುತ್ತದೆ. 10 ಗ್ರಾಂ ಅಂದರೆ 0.187 ಮೋಲ್, ಶಾಖ ಸುಮಾರು 2,770 ಜೂಲ್. ಇಲ್ಲಿವರೆಗೆ ನಿನ್ನ ಲೆಕ್ಕ ಸರಿ. ಒಂದು ಗ್ರಾಂ ನೀರಿನ ತಾಪ ಒಂದು ಡಿಗ್ರಿ ಬದಲಾಗೋಕೆ 4.18 ಜೂಲ್ ಬೇಕು ಅಂತ, ಆಮೇಲೆ 100 × 4.18 ರಿಂದ ಭಾಗಿಸಿದ್ದೀಯ, ಅಲ್ವಾ? ಕರಗಿದ ಉಪ್ಪು ಎಲ್ಲಿಗೆ ಹೋಯಿತು? ಅದೂ ಲೋಟದಲ್ಲೇ ಇದೆ! 110 × 4.18 ರಿಂದ ಭಾಗಿಸು, 6.0 ಡಿಗ್ರಿ ಬರುತ್ತದೆ. (ದ್ರಾವಣಕ್ಕೂ 4.18 ಅನ್ನೋದು ಅಂದಾಜು, ಪಿಯುಸಿಗೆ ಸಾಕು.)

ಉಳಿದ ಎರಡು ಡಿಗ್ರಿ? ಬೇಸಿಗೆಯಲ್ಲಿ ಕೋಣೆ ಮಡಿಕೆಯ ನೀರಿಗಿಂತ ಬಿಸಿ, ನೀನು ನಿಧಾನಕ್ಕೆ ಕಲಕುತ್ತಾ ಕೂತಷ್ಟು ಹೊತ್ತೂ ಸ್ಟೀಲ್ ಲೋಟದ ಮೂಲಕ, ಹಿಡಿದ ಕೈಯಿಂದಲೂ, ಶಾಖ ಒಳಗೆ ಬರುತ್ತಲೇ ಇರುತ್ತದೆ. ಥರ್ಮೋಕೋಲ್ ಕಪ್ ತಗೋ. ಕೋಣೆಯಲ್ಲೇ ಇಟ್ಟ ನೀರು ಬಳಸು. ಗಡ್ಡೆಗಳನ್ನು ಪುಡಿ ಮಾಡಿ ಒಂದೇ ಸಲ ಸುರಿದು, ಬೇಗ ಕಲಕಿ, ಅತಿ ಕಡಿಮೆ ತಾಪ ಬರೆದುಕೋ. ಕಲಾಯಿಯವರ ಹತ್ತಿರ ತಂದ ನವಸಾಗರ ಆಗಿದ್ದರೆ ತೇವ, ಕಸ ಇರಬಹುದು. ಕಾಲೇಜು ಲ್ಯಾಬಿನದೇ ಕೇಳಿ ತಗೋ.